ಇದೆಲ್ಲ ಯಾರದು?

ಉಫೀತ್ಸಿ ಎಂದರೆ ಇಟಲಿಯ ಭಾಷೆಯಲ್ಲಿ ಕಚೇರಿಗಳು. ಫ್ಲಾರೆನ್ಸಿನ ಒಡೆಯ ಮೊದಲನೆಯ ಕೋಸಿಮೋ ಮೆದಿಚಿ ತನ್ನ ಸರ್ಕಾರದ ಕಚೇರಿಗಳನ್ನೆಲ್ಲ ಒಂದೇ ಸೂರಿನಡಿ ತರಲು 1560ರಲ್ಲಿ ಕಟ್ಟಿಸತೊಡಗಿದ ಕಟ್ಟಡ. ಇಂದು ಅದು ಲೋಕಪ್ರಸಿದ್ಧ ಚಿತ್ರಶಾಲೆ. ಹನ್ನೆರಡು ವರ್ಷದ ಮಗನೊಂದಿಗೆ ನಾನು ಅಲ್ಲಿಗೆ ಹೋದಾಗ ಮೊದಲ ಅರ್ಧ ಗಂಟೆ ಅವನು ಉತ್ಸಾಹದಿಂದಲೇ ಇದ್ದ. ಆಮೇಲೆ ಆಕಳಿಕೆ ಶುರುವಾಯಿತು. ಬೊಟಿಚೆಲ್ಲಿಯ ‘ವೀನಸ್‌ಳ ಜನನ’ದ ಮುಂದೆ ನಮಗೆ ಕಂಡದ್ದು ಹೆಚ್ಚಾಗಿ ಜನರ ಬೆನ್ನುಗಳು. ಕಾರಾವಾಜೋ ಗುರಾಣಿಯ ಮೇಲೆ ಚಿತ್ರಿಸಿದ ಮೆಡೂಸಾಳ ತಲೆ, ಅದರ ಕೂದಲಿನ ಬದಲಿಗಿರುವ ಹಾವುಗಳು ಮಾತ್ರ ಅವನನ್ನು ಹಿಡಿದು ನಿಲ್ಲಿಸಿದವು. ಮಕ್ಕಳನ್ನು ಮ್ಯೂಸಿಯಂಗೆ ಕರೆದೊಯ್ಯುವ ತಂದೆತಾಯಂದಿರಿಗೆ ಒಂದು ಮಾತು: ಎಲ್ಲವನ್ನೂ ತೋರಿಸಲು ಹೋಗಬೇಡಿ. ಹತ್ತು ಚಿತ್ರ ಸಾಕು.

ಉದ್ದನೆಯ ಮೊಗಸಾಲೆಯಲ್ಲಿ, ಅಮೃತಶಿಲೆಯ ಪ್ರತಿಮೆಗಳ ಸಾಲಿನ ನಡುವೆ ಅವನು ಕೇಳಿದ: ‘ಅಪ್ಪಾ, ಇದೆಲ್ಲ ಯಾರದು?’

ಬೆಂಚಿನ ಮೇಲೆ ಕೂತು ಹೇಳಬೇಕಾದಷ್ಟು ಉದ್ದದ ಉತ್ತರ ಅದು.

ಮೆದಿಚಿಗಳದು ಬ್ಯಾಂಕು ನಡೆಸಿ ಮೇಲೆ ಬಂದ ಮನೆತನ. ಸಾಲ ಕೊಟ್ಟರು, ಊರನ್ನು ಕೈವಶ ಮಾಡಿಕೊಂಡರು, ಕೊನೆಗೆ ದೊರೆಗಳೇ ಆದರು. ಅವರ ಹಣವೆಲ್ಲ ಪುಣ್ಯದ ಹಣವೆಂದು ನಾನು ಹೇಳಲಾರೆ. ಆದರೆ ತಲೆಮಾರುಗಳ ಕಾಲ ಚಿತ್ರ, ಶಿಲ್ಪ, ಪುಸ್ತಕ, ರತ್ನಗಳನ್ನು ಕೂಡಿಟ್ಟರು. 1737ರಲ್ಲಿ ಕೊನೆಯ ದೊರೆ ಜಾನ್ ಗಾಸ್ತೋನೆ ಮಕ್ಕಳಿಲ್ಲದೆ ತೀರಿಕೊಂಡ. ರಾಜ್ಯ ಲೊರೇನಿನ ಫ್ರಾನ್ಸಿಸ್‌ಗೆ ಸೇರಬೇಕೆಂದು ಯುರೋಪಿನ ದೊಡ್ಡ ದೇಶಗಳು ಮೊದಲೇ ತೀರ್ಮಾನಿಸಿದ್ದವು. ಉಳಿದವಳು ದೊರೆಯ ಅಕ್ಕ ಆನ್ನಾ ಮರಿಯಾ ಲುಯಿಸಾ. ವಿಧವೆ, ಮಕ್ಕಳಿಲ್ಲ, ವಯಸ್ಸು ಎಪ್ಪತ್ತು.

ನಮ್ಮಲ್ಲಿ ಮನೆ ಪಾಲಾಗುವಾಗ ತಾಮ್ರದ ಹಂಡೆಗೂ ಜಗಳವಾಗುತ್ತದೆ. ಈ ಮುದುಕಿಯ ಕೈಯಲ್ಲಿದ್ದದ್ದು ಇನ್ನೂರು ಮುನ್ನೂರು ವರ್ಷಗಳ ಸಂಗ್ರಹ. ಅದೇ ಅಕ್ಟೋಬರ್ 31ರಂದು ಆಕೆ ಹೊಸ ದೊರೆಯೊಂದಿಗೆ ಕರಾರು ಮಾಡಿಕೊಂಡಳು. ಎಲ್ಲವೂ ನಿಮ್ಮ ವಂಶಕ್ಕೇ ಇರಲಿ, ಆದರೆ ಒಂದು ವಸ್ತುವೂ ರಾಜಧಾನಿಯನ್ನಾಗಲೀ ಈ ರಾಜ್ಯವನ್ನಾಗಲೀ ಬಿಟ್ಟು ಹೋಗಕೂಡದು. ಕಾರಣವನ್ನೂ ಬರೆಸಿದಳು: ಇವು ಇರುವುದು ರಾಜ್ಯದ ಅಲಂಕಾರಕ್ಕೆ, ಜನರ ಉಪಯೋಗಕ್ಕೆ, ಪರದೇಶದವರ ಕುತೂಹಲವನ್ನು ಸೆಳೆಯುವುದಕ್ಕೆ.

‘ಪರದೇಶದವರು ಅಂದರೆ ನಾವೂ ಇದ್ದೀವಲ್ಲ!’ ಎಂದ ಮಗ. ಆಕಳಿಕೆ ನಿಂತಿತ್ತು.

ಆಕೆ ಸತ್ತದ್ದು 1743ರಲ್ಲಿ. ಉಫೀತ್ಸಿಯ ಬಾಗಿಲು ಸಾರ್ವಜನಿಕರಿಗೆ ತೆರೆದದ್ದು 1769ರಲ್ಲಿ. ಕರಾರನ್ನು ಎಲ್ಲರೂ ಪಾಲಿಸಿದರೆಂದಲ್ಲ. 137 ಕ್ಯಾರೆಟ್ಟಿನ ಹಳದಿ ವಜ್ರವೊಂದು ವಿಯೆನ್ನಾ ಸೇರಿತು. 1918ರಲ್ಲಿ ಅಲ್ಲಿನ ಸಾಮ್ರಾಜ್ಯ ಕುಸಿದ ಮೇಲೆ ಅದು ಕಳೆದೇ ಹೋಯಿತೆಂದು ಲೋಕ ನಂಬಿತ್ತು. ಕೆನಡಾದ ಬ್ಯಾಂಕೊಂದರಲ್ಲಿ ಆ ರಾಜವಂಶದವರು ಅದನ್ನು ಜೋಪಾನವಾಗಿಟ್ಟಿರುವುದು 2025ರಲ್ಲಿ ಬಯಲಾಯಿತು. ಮೆದಿಚಿಗಳು ತಾವೇ ಊರಿನಿಂದ ಹೊರಗೆ ಕಳಿಸಿದ್ದೂ ಉಂಟು. ಗೋವಾಕ್ಕೆ ಶಾಲಾ ಪ್ರವಾಸ ಹೋದವರು ಬೊಮ್ ಜೀಸಸ್ ಇಗರ್ಜಿಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಸಮಾಧಿಯನ್ನು ನೋಡಿರುತ್ತೀರಿ. ಬೆಳ್ಳಿಯ ಪೆಟ್ಟಿಗೆಯ ಕೆಳಗಿನ ಬಣ್ಣಗಲ್ಲಿನ ಪೀಠ ಫ್ಲಾರೆನ್ಸಿನ ಫೊಜ್ಜೀನಿಯ ಕೆಲಸ. 1698ರಲ್ಲಿ ಅಲ್ಲಿ ನಿಲ್ಲಿಸಿದ ಅದು ಆನ್ನಾಳ ತಂದೆ ಮೂರನೆಯ ಕೋಸಿಮೋನ ಕಾಣಿಕೆ.

ಮರುದಿನ ಸಾಂತಾ ಕ್ರೋಚೆ ಇಗರ್ಜಿಗೆ ಹೋದೆವು. 1966ರ ನವೆಂಬರ್ 4ರಂದು ಆರ್ನೋ ನದಿ ಉಕ್ಕಿ ಊರೊಳಗೆ ನುಗ್ಗಿದಾಗ ಇಲ್ಲಿ ಹೊಕ್ಕ ನೀರಿನಲ್ಲಿ ಕೆಸರೂ ಇತ್ತು, ಮನೆಮನೆಯ ತೊಟ್ಟಿಗಳಿಂದ ಹೊರಬಂದ ಎಣ್ಣೆಯೂ ಇತ್ತು. ನಾನಾ ದೇಶಗಳ ವಿದ್ಯಾರ್ಥಿಗಳು ತಾವಾಗಿಯೇ ಬಂದು, ರಾಷ್ಟ್ರೀಯ ಗ್ರಂಥಾಲಯದ ನೆಲಮಾಳಿಗೆಯಿಂದ ಸಾಲಾಗಿ ನಿಂತು ತೊಯ್ದ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿದರು. ಊರಿನವರು ಅವರಿಗೆ ಕೆಸರಿನ ದೇವದೂತರು ಎಂದು ಹೆಸರಿಟ್ಟರು. ಸಾಂತಾ ಕ್ರೋಚೆಯಲ್ಲಿದ್ದ ಚಿಮಾಬುವೆಯ ದೊಡ್ಡ ಮರದ ಶಿಲುಬೆಯಲ್ಲಿ ಹದಿಮೂರನೆಯ ಶತಮಾನದ ಬಣ್ಣ ಬಹುಪಾಲು ಉದುರಿಹೋಗಿತ್ತು. ಅದನ್ನು ಹತ್ತು ವರ್ಷ ದುರಸ್ತಿ ಮಾಡಿದವರು ಹೋದ ಭಾಗಕ್ಕೆ ಹೊಸದಾಗಿ ಮುಖ, ಮೈ ಬರೆಯಲಿಲ್ಲ. ಸಣ್ಣ ಸಣ್ಣ ಬಣ್ಣದ ಗೆರೆಗಳಿಂದ ತುಂಬಿ, ಎಲ್ಲೆಲ್ಲಿ ಏನು ಹೋಯಿತೆಂಬುದು ಕಾಣುವಂತೆ ಬಿಟ್ಟರು.

ಮಗ ಬಹಳ ಹೊತ್ತು ನಿಂತದ್ದು ಆ ಗೆರೆಗಳ ಮುಂದೆ.