ಗಾಜು, ವೀಣೆ, ಮಿಂಚುಳ್ಳಿ

ಹಲವು ಹವ್ಯಾಸಗಳುಳ್ಳವನನ್ನು ಲೋಕವು ತುಸು ಅನುಮಾನದಿಂದಲೇ ನೋಡುವುದು ವಾಡಿಕೆ. ಒಂದನ್ನೂ ಪೂರ್ಣವಾಗಿ ಸಾಧಿಸಲಾರದವನೇ ಹತ್ತನ್ನು ಹಚ್ಚಿಕೊಳ್ಳುವನೆಂಬುದು ಆ ಅನುಮಾನದ ತಿರುಳು. ಮುಂಜಾನೆಯ ಹೊತ್ತನ್ನು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹಕ್ಕಿಗಳನ್ನು ನೋಡುವುದರಲ್ಲಿ ಕಳೆದು, ಸಂಜೆ ವೀಣೆಯ ಮುಂದೆ ಕುಳಿತು, ನಡುವೆ ದೊರೆತ ಬಿಡುವನ್ನೆಲ್ಲ ಬಣ್ಣದ ಗಾಜಿನ ತುಂಡುಗಳಿಗೆ ಒಪ್ಪಿಸಿರುವ ನನಗೆ ಈ ಮಾತನ್ನು ಕುರಿತು ಆಲೋಚಿಸುವ ಸಂದರ್ಭ ಪದೇ ಪದೇ ಒದಗಿದೆ. ಒಂದು ಅಭಿರುಚಿಯು ಮತ್ತೊಂದರ ಕಾಲವನ್ನು ಅಪಹರಿಸುವುದುಂಟು, ನಿಜ. ಆದರೆ ಅಪಹರಿಸಿದುದಕ್ಕಿಂತ ಹೆಚ್ಚಿನದನ್ನು ಬೇರೊಂದು ದಾರಿಯಿಂದ ಅದು ತಂದೊಪ್ಪಿಸುತ್ತದೆಂಬುದೇ ನನ್ನ ಅನುಭವ.

ವರ್ಣಗಾಜಿನ ಕೆಲಸ ಕಾಗದದಿಂದ ಮೊದಲಾಗುತ್ತದೆ. ಬರೆಯಬೇಕಾದ ಚಿತ್ರವನ್ನು ನಿಜವಾದ ಅಳತೆಯಲ್ಲಿಯೇ ರೇಖೆಗಳಿಂದ ವಿಭಾಗಿಸಿ, ಪ್ರತಿ ಭಾಗಕ್ಕೂ ಸಂಖ್ಯೆಯಿತ್ತು, ಆ ಆಕಾರಕ್ಕೆ ತಕ್ಕಂತೆ ಗಾಜನ್ನು ತುಂಡರಿಸಬೇಕು. ತುಂಡರಿಸುವುದೆಂದರೆ ಕೊಯ್ಯುವುದೆಂದು ಹೊರಗಿನವರು ಭಾವಿಸುತ್ತಾರೆ. ಆದರೆ ಕಟರಿನ ತುದಿಯಲ್ಲಿರುವ ಪುಟ್ಟ ಚಕ್ರವು ಗಾಜಿನ ಮೈಮೇಲೆ ಒಂದು ಸೂಕ್ಷ್ಮವಾದ ಗೀರನ್ನು ಮಾತ್ರ ಎಳೆಯುತ್ತದೆ. ಅನಂತರ ಇಕ್ಕುಳದಿಂದಲೋ ಬೆರಳುಗಳಿಂದಲೋ ಹದವಾಗಿ ಒತ್ತಿದಾಗ ಗಾಜು ಆ ಗೀರನ್ನನುಸರಿಸಿ ತಾನಾಗಿಯೇ ಬಿರಿಯುತ್ತದೆ. ಆ ಗೀರಿನ ಒತ್ತಡ ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾಗಿರಬೇಕು. ಸಮನಾಗಿದೆಯೆ ಇಲ್ಲವೆ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ಅರಿಯುತ್ತದೆ: ಸರಿಯಾದ ಗೀರಿನಿಂದ ಹೊಸ ರೇಷ್ಮೆಯನ್ನು ಸೀಳಿದಂತಹ ಅಖಂಡವಾದ ಸದ್ದು ಹೊರಡುತ್ತದೆ, ಕೈ ಸಡಿಲಿದೆಡೆಯಲ್ಲಿ ಆ ಸದ್ದು ತುಂಡಾಗುತ್ತದೆ.

ಈ ಸದ್ದನ್ನು ನಾನು ಗುರುತಿಸಿದುದು ವೀಣೆಯ ಕೃಪೆಯಿಂದ. ಮೇಣದಲ್ಲಿ ಕೂರಿಸಿದ ಇಪ್ಪತ್ತನಾಲ್ಕು ಮೆಟ್ಟಿಲುಗಳ ಮೇಲೆ ತಂತಿಯನ್ನೊತ್ತಿ ಎಳೆದು ಗಮಕವನ್ನು ಸಾಧಿಸುವವನಿಗೆ, ಬೆರಳಿನ ಬಲ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಸ್ವರವು ಸ್ಥಾನಭ್ರಷ್ಟವಾಗುವುದೆಂಬ ಅರಿವು ಮೈಗೂಡಿರುತ್ತದೆ. ಒತ್ತಡವನ್ನು ನಾದವಾಗಿ ಕೇಳುವ ಆ ಅಭ್ಯಾಸವು ಗಾಜಿನ ಮೇಜಿಗೂ ನನ್ನೊಡನೆ ನಡೆದು ಬಂದಿತು. ಪ್ರತಿಯಾಗಿ ಗಾಜು ವೀಣೆಗೆ ಕೊಟ್ಟುದೂ ಉಂಟು. ಎಳೆದ ಗೀರನ್ನು ಮರಳಿ ಎಳೆಯುವಂತಿಲ್ಲ. ಎರಡನೆಯ ಸಲ ಚಕ್ರ ಹಾಯ್ದರೆ ಗಾಜು ಅಡ್ಡಾದಿಡ್ಡಿಯಾಗಿ ಒಡೆಯುವುದಲ್ಲದೆ ಚಕ್ರದ ಮೊನೆಯೂ ಕೆಡುತ್ತದೆ. ಇದನ್ನು ಅರಿತ ಮೇಲೆ ರಾಗಾಲಾಪನೆಯಲ್ಲಿ ಒಂದು ಸಂಗತಿಯನ್ನು ನುಡಿಸುವ ಮೊದಲೇ ಅದರ ನಿಲುಗಡೆಯನ್ನು ಮನಸ್ಸಿನಲ್ಲಿ ಕಂಡುಕೊಳ್ಳುವುದನ್ನು ರೂಢಿಸಿಕೊಂಡೆನು.

ತುಂಡುಗಳ ಅಂಚನ್ನು ವಜ್ರದ ಪುಡಿ ಹತ್ತಿಸಿದ ಸಾಣೆಯಂತ್ರದಲ್ಲಿ ನೀರು ಹಾಯಿಸುತ್ತ ತಿದ್ದಿ, ಅಂಟುಳ್ಳ ತೆಳುವಾದ ತಾಮ್ರದ ಪಟ್ಟಿಯನ್ನು ಸುತ್ತಿ, ಒಂದಕ್ಕೊಂದು ಹೊಂದಿಸಿ, ಬೆಸುಗೆ ಹಿಡಿಸುವ ಫ್ಲಕ್ಸ್ ಸವರಿ ಬೆಸೆಯುವುದು ಮುಂದಿನ ಕ್ರಮ. ಬೆಸುಗೆಯ ಲೋಹದಲ್ಲಿ ಅರುವತ್ತು ಪಾಲು ತವರ, ನಲವತ್ತು ಪಾಲು ಸೀಸ. ತವರ ಒಂದೇ ಆದರೆ 232 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಕರಗುವುದು; ಸೀಸಕ್ಕೆ 327 ಡಿಗ್ರಿ ಬೇಕು; ಎರಡೂ ಈ ಪ್ರಮಾಣದಲ್ಲಿ ಬೆರೆತಾಗ ಸುಮಾರು 190 ಡಿಗ್ರಿಗೇ ನೀರಾಗಿ ಹರಿಯುತ್ತವೆ. ಸೀಸ ವಿಷವಾದುದರಿಂದ ಕಿಟಕಿ ತೆರೆದು ಕೆಲಸ ಮಾಡಬೇಕು, ಆ ಮೇಜಿನ ಬಳಿಗೆ ಊಟ ತಿಂಡಿಗಳನ್ನು ತರಬಾರದು, ಮುಗಿದೊಡನೆ ಕೈಗಳನ್ನು ಚೆನ್ನಾಗಿ ತೊಳೆಯಬೇಕು.

ತಾಮ್ರದ ಪಟ್ಟಿಯ ಈ ವಿಧಾನವು ಅಮೆರಿಕದ ಲೂಯಿ ಕಂಫರ್ಟ್ ಟಿಫನಿಯ ದೀಪಗಳಿಂದ ಪ್ರಸಿದ್ಧವಾಯಿತು. ಆ ದೀಪಗಳಲ್ಲಿ ಅನೇಕವನ್ನು ಕಲ್ಪಿಸಿದವಳು ಅವನ ಕಾರ್ಯಾಗಾರದ ಮಹಿಳಾ ವಿಭಾಗದ ಮುಖ್ಯಸ್ಥೆ ಕ್ಲಾರಾ ಡ್ರಿಸ್ಕಾಲ್ ಎಂಬುದು, ಅವಳು ತನ್ನ ತಾಯಿಗೂ ಸೋದರಿಯರಿಗೂ ಬರೆದ ಪತ್ರಗಳಿಂದ ಸುಮಾರು ಒಂದು ಶತಮಾನದ ಮೇಲೆ ಲೋಕಕ್ಕೆ ತಿಳಿಯಿತು. 2007ರಲ್ಲಿ ನ್ಯೂಯಾರ್ಕಿನಲ್ಲಿ ಏರ್ಪಟ್ಟ ಪ್ರದರ್ಶನವೊಂದು ಆ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ವಿಸ್ಟೀರಿಯಾ ಹೂಗೊಂಚಲಿನ ಅವಳ ದೀಪದಲ್ಲಿ ಗಾಜಿನ ತುಂಡುಗಳು ಸುಮಾರು 2,000. ಹೂವನ್ನು ಎಸಳೆಸಳಾಗಿ ನೋಡಿ ಮನಸ್ಸಿನಲ್ಲಿ ನಿಲ್ಲಿಸಿಕೊಳ್ಳದವರ ಕೈಯಿಂದ ಅಂತಹ ದೀಪ ಹುಟ್ಟಲಾರದು.

ನೋಡುವ ಮಾತು ಬಂದುದರಿಂದ ಮಿಂಚುಳ್ಳಿಯ ಪ್ರಸ್ತಾಪ ಅನಿವಾರ್ಯ. ಕೆರೆಯ ಮೇಲೆ ಬಾಗಿದ ಒಣಕೊಂಬೆಯಲ್ಲಿ ಬಿಳಿಗತ್ತಿನ ಮಿಂಚುಳ್ಳಿ ಕುಳಿತಿದ್ದಾಗ ಕಾಣುವ ಕಂದು ತಲೆ, ಬಿಳಿಯ ಎದೆ, ಕೆಂಪು ಕೊಕ್ಕುಗಳು ಗಾಜಿಗೆ ಸುಲಭವಾಗಿ ಒಲಿಯುತ್ತವೆ. ಅದು ಹಾರಿದೊಡನೆ ಜ್ವಲಿಸುವ ನೀಲಿಯದೇ ಕಷ್ಟ. ಆ ನೀಲಿ ಗರಿಯಲ್ಲಿ ಬಳಿದ ಬಣ್ಣದಿಂದಾದುದಲ್ಲ. ಗರಿಯೊಳಗಿನ ಅತಿಸೂಕ್ಷ್ಮ ರಚನೆಯು ಬೆಳಕನ್ನು ಚದುರಿಸುವುದರಿಂದ ಉಂಟಾದುದು. ಗಾಜಿನ ನೀಲಿಯ ಮಾರ್ಗ ಬೇರೆ: ಕೋಬಾಲ್ಟ್ ಎಂಬ ಲೋಹದ ಅಂಶ ಅತ್ಯಲ್ಪವಾಗಿ ಬೆರೆತರೂ ಗಾಜು ಗಾಢ ನೀಲಿಯಾಗುವುದು, ತಾಮ್ರದಿಂದ ಹಸುರುಬೆರೆತ ನೀಲಿ ದೊರೆಯುವುದು, ಅವೆರಡೂ ಮಿಕ್ಕ ವರ್ಣಗಳನ್ನು ಹೀರಿಕೊಂಡು ತಮಗೆ ಬೇಕಾದುದನ್ನು ಮಾತ್ರ ಹೊರಗೆ ಬಿಡುತ್ತವೆ. ಹಕ್ಕಿ ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಗಾಜು ಮುಂದಕ್ಕೆ ದಾಟಿಸುತ್ತದೆ. ಆದುದರಿಂದ ಹಕ್ಕಿಯ ನೀಲಿಯನ್ನು ಗಾಜಿನ ಅಂಗಡಿಯಲ್ಲಿ ಹುಡುಕುವುದು ವ್ಯರ್ಥವೆಂದೂ, ಎರಡು ಮೂರು ನೀಲಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವವನ ಕಣ್ಣಿನಲ್ಲಿಯೇ ಅದನ್ನು ಉಂಟುಮಾಡಬೇಕೆಂದೂ ಕ್ರಮೇಣ ಮನಗಂಡೆನು. ಮೇಜಿನ ಮೇಲೆ ಕಪ್ಪಾಗಿ ಕಾಣುವ ಗಾಜು ಆಕಾಶಕ್ಕೆ ಹಿಡಿದಾಗ ನೇರಿಳೆಯಾಗುವುದುಂಟು. ಮಧ್ಯಾಹ್ನ ಸೊಗಸೆನಿಸಿದ ಹಳದಿ ಸಂಜೆಗೆ ಸಪ್ಪೆಯಾಗುವುದುಂಟು. ಹೊತ್ತುಹೊತ್ತಿಗೂ ಬೆಳಕನ್ನು ಪರೀಕ್ಷಿಸುವ ಈ ಕಣ್ಣು ಈಗ ಕೆರೆಯ ಏರಿಯ ಮೇಲೂ ಕೆಲಸ ಮಾಡುತ್ತದೆ. ಮೊದಲು ಬರಿಯ ಬೂದುಬಣ್ಣದವೆಂದು ಬಿಟ್ಟುಬಿಡುತ್ತಿದ್ದ ಹಕ್ಕಿಗಳಲ್ಲಿ ಎಷ್ಟು ಬಗೆಯ ಛಾಯೆಗಳಿವೆಯೆಂಬುದನ್ನು ನನಗೆ ತೋರಿಸಿಕೊಟ್ಟುದು ಗಾಜು.

ಚಿತ್ರಗಾರನು ರೇಖೆಯನ್ನು ತನ್ನ ಇಚ್ಛೆಯಂತೆ ಬಳಸಬಲ್ಲನು. ಗಾಜಿನಲ್ಲಿ ಕೆಲಸ ಮಾಡುವವನಿಗೆ ಆ ಸ್ವಾತಂತ್ರ್ಯವಿಲ್ಲ. ಒಳಕ್ಕೆ ಆಳವಾಗಿ ಬಾಗಿದ ಆಕಾರವನ್ನು ಒಂದೇ ತುಂಡಿನಲ್ಲಿ ಬಿಡಿಸಹೊರಟರೆ ಗಾಜು ಆ ಬಾಗಿನಲ್ಲಿಯೇ ಒಡೆಯುತ್ತದೆ. ಹಕ್ಕಿಯ ಕೊರಳು ಬಾಗಿದೆಡೆಯಲ್ಲಿ ಒಂದು ಸಂಧಿಯನ್ನು ಕಲ್ಪಿಸಲೇಬೇಕು. ಆ ಸಂಧಿಯ ಕಪ್ಪು ಗೆರೆ ಕಂಡೇ ಕಾಣುತ್ತದೆ. ಅದನ್ನು ಮರೆಮಾಡುವ ಬದಲು ರೆಂಬೆಯಾಗಿಯೋ ನೀರಿನ ಅಲೆಯಾಗಿಯೋ ಪರಿವರ್ತಿಸುವುದರಲ್ಲಿ ಈ ಕಲೆಯ ಜಾಣ್ಮೆಯೆಲ್ಲ ಅಡಗಿದೆ. ಹೀಗೆ ಜೋಡಿಸಿ ಕಟ್ಟುವುದರಿಂದ ಬೇರೊಂದು ಲಾಭವೂ ಉಂಟು. ಫ್ರಾನ್ಸಿನ ಶಾರ್ತ್ರ್ ದೇವಾಲಯದ ಗಾಜುಗಳು ಬಹುಪಾಲು ಹದಿಮೂರನೆಯ ಶತಮಾನದವು. 1939ರಲ್ಲಿ ಯುದ್ಧ ಸಮೀಪಿಸಿದಾಗ ಅವುಗಳನ್ನು ಫಲಕಫಲಕವಾಗಿ ಬಿಚ್ಚಿ ಸುರಕ್ಷಿತವಾದೆಡೆಗೆ ಸಾಗಿಸಿ, ಯುದ್ಧಾನಂತರ ಮರಳಿ ಕೂರಿಸಿದರು. ತುಂಡುತುಂಡಾಗಿ ಜೋಡಿಸಿದ್ದುದರಿಂದಲೇ ಅದು ಸಾಧ್ಯವಾಯಿತು.

ಹಲವನ್ನು ಹಚ್ಚಿಕೊಂಡವರಲ್ಲಿ ನನಗೆ ಪರಮಪ್ರಿಯನಾದವನು ಇಂಗ್ಲೆಂಡಿನ ವಿಲಿಯಂ ಮಾರಿಸ್. ಅವನು ಕವಿ; ನೇಯ್ಗೆಯನ್ನೂ ಬಣ್ಣಗಾರಿಕೆಯನ್ನೂ ಸ್ವಹಸ್ತದಿಂದ ಮಾಡಿದವನು; ಕೊನೆಗಾಲದಲ್ಲಿ ಮುದ್ರಣಾಲಯವನ್ನು ತೆರೆದು ಗ್ರಂಥಗಳನ್ನು ಅಲಂಕರಿಸಿದವನು. 1861ರಲ್ಲಿ ಮಿತ್ರರೊಡನೆ ಅವನು ಸ್ಥಾಪಿಸಿದ ಸಂಸ್ಥೆಯ ಮೊದಲ ಕೆಲಸಗಳಲ್ಲಿ ವರ್ಣಗಾಜು ಮುಖ್ಯವಾದುದು. ಅವನ ಗೆಳೆಯ ಬರ್ನ್-ಜೋನ್ಸ್ ಆಕೃತಿಗಳನ್ನು ಬರೆದರೆ, ವರ್ಣಗಳ ಆಯ್ಕೆಯನ್ನು ಬಹುಕಾಲ ಮಾರಿಸನೇ ನಿರ್ವಹಿಸಿದನು. ನೂಲಿಗೆ ಬಣ್ಣ ಕಟ್ಟುವುದನ್ನು ಬಲ್ಲ ಕವಿಯ ಕಣ್ಣು ಅದು. 1872ರಲ್ಲಿ ಅಂಡಮಾನಿನಲ್ಲಿ ಹತನಾದ ವೈಸ್‌ರಾಯ್ ಲಾರ್ಡ್ ಮೇಯೋವಿನ ನೆನಪಿಗಾಗಿ ಕಲ್ಕತ್ತೆಯ ಸೇಂಟ್ ಪಾಲ್ಸ್ ದೇವಾಲಯದಲ್ಲಿ ನಿಲ್ಲಿಸಿದ ಪಶ್ಚಿಮದ ಗವಾಕ್ಷವು ಬರ್ನ್-ಜೋನ್ಸನ ಕಲ್ಪನೆಯದೇ.

ಮೈಸೂರಿನವರಿಗೆ ಬಣ್ಣದ ಗಾಜು ಅಪರಿಚಿತವೇನೂ ಅಲ್ಲ. 1912ರಲ್ಲಿ ಪೂರ್ಣಗೊಂಡ ಅರಮನೆಯ ಕಲ್ಯಾಣಮಂಟಪದಲ್ಲಿ ತಲೆಯೆತ್ತಿದರೆ ನವಿಲುಗಳು ಬೆಳಗುತ್ತಿರುತ್ತವೆ. ಆ ಛಾವಣಿಯ ಗಾಜು ಗ್ಲಾಸ್ಗೋ ನಗರದಿಂದ ಬಂದುದು. ಆದರೆ ನನ್ನ ಮನಸ್ಸು ಹೆಚ್ಚಾಗಿ ಒಲಿದಿರುವುದು ಹಳೆಯ ಮನೆಗಳ ಬಾಗಿಲಿನ ಮೇಲ್ಗಡೆ ಕೂರಿಸಿದ್ದ ಕೆಂಪು, ಹಸುರು, ನೀಲಿಯ ಸಾದಾ ಗಾಜುಗಳಿಗೆ. ಆ ಮನೆಗಳನ್ನು ಒಡೆಯುವಾಗ ತೇಗದ ಮರಕ್ಕೆ ಬೆಲೆಯುಂಟು, ಗಾಜಿಗಿಲ್ಲ. ಗುಜರಿ ಅಂಗಡಿಯವರು ಅವುಗಳನ್ನು ಮೂಲೆಗೆ ಒರಗಿಸಿಟ್ಟಿರುತ್ತಾರೆ. “ಒಡಕು ಗಾಜು ಯಾತಕ್ಕೆ ಸ್ವಾಮಿ?” ಎಂದು ಅವರಲ್ಲೊಬ್ಬರು ಕೇಳಿದಾಗ ಮಿಂಚುಳ್ಳಿಯ ರೆಕ್ಕೆಯನ್ನು ಕೈಯಿಂದ ಅಭಿನಯಿಸಿ ತೋರಿಸಿದೆನು, ಅಂದಿನಿಂದ ಅವರು ನೀಲಿ ಗಾಜು ಬಂದಾಗಲೆಲ್ಲ ನನಗಾಗಿ ತೆಗೆದಿರಿಸುತ್ತಾರೆ. ಅವುಗಳಲ್ಲಿ ಗಾಳಿಯ ಗುಳ್ಳೆಗಳಿವೆ, ದಪ್ಪ ಒಂದೇ ಸಮನಾಗಿಲ್ಲ, ಹೊಸ ಗಾಜಿನಷ್ಟು ಸುಲಭವಾಗಿ ಬಿರಿಯುವುದೂ ಇಲ್ಲ. ಆದರೂ ಬೆಳಕು ಅವುಗಳ ಮೂಲಕ ನಡೆದು ಬರುವ ರೀತಿಯೇ ಬೇರೆ. ಆದುದರಿಂದ ಕ್ರಮವನ್ನೇ ಈಗ ಬದಲಿಸಿದ್ದೇನೆ. ಚಿತ್ರಕ್ಕೆ ತಕ್ಕಂತೆ ಗಾಜನ್ನು ಅರಸುವುದನ್ನು ಬಿಟ್ಟು, ದೊರೆತ ಗಾಜಿನ ಅಳತೆಯನ್ನೂ ಗುಳ್ಳೆಗಳ ಸಾಲನ್ನೂ ಮೊದಲು ಕಾಗದದ ಮೇಲೆ ಗುರುತಿಸಿಕೊಂಡು, ಹಕ್ಕಿಯನ್ನು ಅದರೊಳಗೆ ಕೂರಿಸುತ್ತಿದ್ದೇನೆ.