ಕಾಲುವೆಯ ತುದಿಯ ಸಾಲೆ

ಹುಬ್ಬಳ್ಳಿಯನ್ನು ಹಿಂದಕ್ಕೆ ಬಿಟ್ಟು ನವಲಗುಂದದ ದಾರಿ ಹಿಡಿದ ಪ್ರವಾಸಿಗೆ ಮೊಟ್ಟಮೊದಲು ಕಾಣುವದು ನೆಲದ ಬಣ್ಣ. ಧಾರವಾಡದ ಪಡುವಣ ಸೀಮೆಯ ಕೆಮ್ಮಣ್ಣು ಇಲ್ಲಿ ಮಾಯವಾಗಿ, ಕಣ್ಣು ಹರಿಯುವ ವರೆಗೂ ಎರೆಯ ಬಯಲು ಹಾಸಿಕೊಂಡಿರುವದು. ಗಿಡಮರಗಳು ವಿರಳ, ಆಕಾಶವೇ ವಿಶಾಲ. ಬೇಸಗೆಯಲ್ಲಿ ಬಾಯಿಬಿಟ್ಟು ಬಿರಿಯುವ ಈ ನೆಲವು ಮಳೆಗಾಲದಲ್ಲಿ ನಡೆಯುವವನ ಕಾಲನ್ನು ಹಿಡಿದುಕೊಂಡು ಬಿಡಲೊಲ್ಲದು. ಶಲವಡಿಯು ಈ ಬಯಲಿನ ಊರುಗಳಲ್ಲೊಂದು.

ನೋಡತಕ್ಕ ಸ್ಥಳಗಳನ್ನು ಅರಸುವವರಿಗೆ ಅಣ್ಣಿಗೇರಿಯಲ್ಲಿ ಅಮೃತೇಶ್ವರನ ಗುಡಿಯಿದೆ. ನವಲಗುಂದದಲ್ಲಿ ಹೆಸರಾಂತ ಜಮಖಾನೆಗಳಿವೆ. ನಾವಾದರೋ ಈ ಸಲ ಸಾಲೆಯ ಮೇಲೆ ಕಣ್ಣಿಟ್ಟು ಈ ಸೀಮೆಗೆ ಬಂದೆವು. ‘ಇಂಥ ಇಯತ್ತೆಯ ಮಗುವಿಗೆ ಇಷ್ಟು ಬರತಕ್ಕದ್ದು’ ಎಂದು ದಿಲ್ಲಿಯಲ್ಲಿ, ಬೆಂಗಳೂರಿನಲ್ಲಿ ಗೊತ್ತುಮಾಡಿದ ಮಟ್ಟವು ಇಂಥ ಹಳ್ಳಿಗೆ ಯಾವ ದಾರಿಯಿಂದ ಬರುವದು, ಬಂದ ಮೇಲೆ ಅದರ ಗತಿಯೇನು ಎಂಬುದೇ ನಮ್ಮ ಕುತೂಹಲವಾಗಿತ್ತು.

ಮಟ್ಟ ಕಟ್ಟುವದು ಈ ಸೀಮೆಗೆ ಹೊಸದಲ್ಲ. ಮುಂಬಯಿ ಆಡಳಿತದ ಕಾಲದಲ್ಲಿ ಇಲ್ಲಿಯ ಸರಕಾರಿ ಸಾಲೆಗಳಲ್ಲಿ ಮೊದಮೊದಲು ಮರಾಠಿಗೇ ಮೇಲುಗೈ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಊರೂರಿಗೆ ಕನ್ನಡ ಸಾಲೆಗಳಾಗಬೇಕೆಂದು ದುಡಿದರು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಮುಂದೆ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯೇ ಹಳ್ಳಿಯ ವಿದ್ಯೆಯ ಅಳತೆಗೋಲಾಯಿತು. ‘ಮುಲ್ಕಿ ಪಾಸಾದವರು’ ಎಂದರೆ ಆಗ ಊರೆಲ್ಲ ಗೌರವದಿಂದ ಕಾಣುತ್ತಿತ್ತು. ಆದರೆ ಆ ಅಳತೆಗೋಲು ದಡ ಸೇರಿದವರನ್ನು ಮಾತ್ರ ಎಣಿಸಿತು; ನಡುವೆಯೇ ಪಾಟಿ ಕೆಳಗಿಟ್ಟು ಎತ್ತಿನ ಹಗ್ಗ ಹಿಡಿದವರ ಲೆಕ್ಕವನ್ನು ಕೇಳಲಿಲ್ಲ.

ಆ ಲೆಕ್ಕವನ್ನು ಕೇಳಿದ ಪದ್ಧತಿಯು ಬಹು ಕಾಲದ ಮೇಲೆ ಬಂದಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಗ್ರಾಮಶಾಲೆಗಳ ಕ್ರಮವನ್ನು ಕಂಡುಬಂದು, ಅದನ್ನು ಕನ್ನಡಕ್ಕೆ ಒಗ್ಗಿಸಿ ‘ನಲಿ-ಕಲಿ’ಯನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಸಾಲೆಗಳಿಗೆಲ್ಲ ಹಬ್ಬಿತು. ಪಾಠಗಳು ಇಲ್ಲಿ ಏಣಿಯ ಮೆಟ್ಟಿಲುಗಳಾದವು. ಹಲವು ದಿನ ಬಾರದ ಮಗುವು ಮರಳಿದಾಗ, ತರಗತಿ ಎಲ್ಲಿಗೆ ಹೋಗಿದೆಯೋ ಅಲ್ಲಿಗೆ ಹಾರಬೇಕಾಗಿಲ್ಲ. ತಾನು ಬಿಟ್ಟ ಮೆಟ್ಟಿಲಿನಿಂದಲೇ ಏರಬಹುದು. ಹೊಲದ ಕೆಲಸವು ಮನೆಮಂದಿಯನ್ನೆಲ್ಲ ಕರೆಯುವ ಸೀಮೆಗೆ ಇದಕ್ಕಿಂತ ಸಲ್ಲುವ ಏರ್ಪಾಡು ಯಾವದು?

ಆದರೂ ಹಿರಿಯರಿಗೆ ಅದು ಒಮ್ಮೆಲೇ ಒಪ್ಪಿಗೆಯಾಗಲಿಲ್ಲ. “ಅ ಆ ಬಿಟ್ಟು ರ ಗ ಸ ಅಂತ ಸುರು ಮಾಡ್ಯಾರಲ್ರೀ, ಇದ್ಯಾವ ಸಾಲಿ?” ಎಂಬುದು ಅಜ್ಜಂದಿರ ಬಾಯಲ್ಲಿ ಬಂದ ಮಾತು. ಆಕ್ಷೇಪವೇನೋ ಸಹಜ, ಆದರೆ ಉತ್ತರವೂ ಸರಳವಾಗಿದೆ. ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳಿಂದ ಮಗುವು ಸರ, ದರ, ಅರಸ, ಅಗಸ, ಗರಗಸ ಎಂದು ಮೊದಲ ವಾರಗಳಲ್ಲಿಯೇ ಓದಬಲ್ಲುದು. ಐವತ್ತು ಅಕ್ಷರಗಳನ್ನು ಬಾಯಿಪಾಠ ಮಾಡಿ ಒಂದು ಶಬ್ದವನ್ನೂ ಓದಲಾರದೆ ಕುಳಿತಿರುವದಕ್ಕಿಂತ ಇದು ಲೇಸಲ್ಲವೆ? ಇಷ್ಟನ್ನು ಮನೆಯವರಿಗೆ ಕುಳಿತು ತಿಳಿಯಹೇಳಿದ ಮಾಸ್ತರರ ಊರಿನಲ್ಲಿ ಪದ್ಧತಿಯು ಬೇರೂರುವದು. ಹೇಳುವವರಿಲ್ಲದ ಊರಿನಲ್ಲಿ ಅದು ಗೋಡೆಯ ಮೇಲಿನ ಪಟವಾಗಿ ಉಳಿಯುವದು.

2020ರ ಮಾರ್ಚದಲ್ಲಿ ಕೊರೋನಾ ಪಿಡುಗಿನಿಂದ ಸಾಲೆಗಳು ಮುಚ್ಚಿದವು. ಕಿರಿಯ ಮಕ್ಕಳ ತರಗತಿಗಳು ಮರಳಿ ತೆರೆದದ್ದು 2021ರ ಅಕ್ಟೋಬರ 25ರಂದು. ಮೊದಲನೆಯ ಇಯತ್ತೆಯ ಮಗುವು ಸಾಲೆಯ ಹೊಸ್ತಿಲು ತುಳಿಯದೆಯೇ ಎರಡನೆಯದಕ್ಕೆ ಏರಿತು. ಆ ನಷ್ಟವನ್ನು ತುಂಬಲೆಂದು ರಾಜ್ಯವು 2022-23ನೆಯ ವರ್ಷವನ್ನು ‘ಕಲಿಕಾ ಚೇತರಿಕೆ’ಗೆ ಮೀಸಲಿಟ್ಟಿತು. ಕೇಂದ್ರ ಸರಕಾರವು 2021ರ ಜುಲೈ 5ರಂದು ‘ನಿಪುಣ ಭಾರತ’ವೆಂಬ ಕಾರ್ಯಕ್ರಮವನ್ನು ಹೂಡಿ, 2026-27ರೊಳಗೆ ಮೂರನೆಯ ಇಯತ್ತೆ ಮುಗಿಸುವ ಪ್ರತಿಯೊಂದು ಮಗುವಿಗೆ ಓದು, ಬರಹ, ಲೆಕ್ಕಗಳ ತಳಹದಿ ಸಿಗಬೇಕೆಂದು ಗುರಿಯಿಟ್ಟಿತು. ನಿಮಿಷಕ್ಕೆ ಕನಿಷ್ಠ 60 ಶಬ್ದಗಳನ್ನು ತಿಳಿದು ಓದುವದು, 9999ರ ವರೆಗಿನ ಸಂಖ್ಯೆಗಳನ್ನು ಗುರುತಿಸುವದು ಆ ಗುರಿಯ ಪಟ್ಟಿಯಲ್ಲಿವೆ.

ಇಲ್ಲೊಂದು ಮಾತನ್ನು ಆಡಲೇಬೇಕು. ಇಂಗ್ಲಿಷಿನಲ್ಲಿ ಮೂರು ನಾಲ್ಕು ಶಬ್ದಗಳಲ್ಲಿ ಹೇಳುವದನ್ನು ಕನ್ನಡವು ‘ಮನೆಯವರೊಂದಿಗೆ’ ಎಂದು ಒಂದರಲ್ಲಿಯೇ ಹೇಳುವದು. ಎಲ್ಲ ಭಾಷೆಗಳಿಗೂ ಒಂದೇ ಎಣಿಕೆಯನ್ನು ಹಿಡಿದರೆ ನಮ್ಮ ಮಗುವು ನಡೆದ ದೂರ ಹೆಚ್ಚು, ದೊರೆತ ಅಂಕ ಕಡಿಮೆ. 2022ರಲ್ಲಿ ದೇಶದ 20 ಭಾಷೆಗಳಲ್ಲಿ ಓದಿನ ಮಟ್ಟವನ್ನು ಅಳೆದಾಗ ಭಾಷೆಗೊಂದು ಬೇರೆ ಅಳತೆ ಹಾಕಿದ್ದು ನ್ಯಾಯವಾದ ಕೆಲಸ.

ಇನ್ನು ಈ ಮಟ್ಟವು ಬರುವ ದಾರಿ. ಬೆಂಗಳೂರಿನ ರಾಜ್ಯ ಶಿಕ್ಷಣ ಸಂಶೋಧನ ಮತ್ತು ತರಬೇತಿ ಇಲಾಖೆಯಿಂದ ಅದು ಧಾರವಾಡದ ಜಿಲ್ಲಾ ತರಬೇತಿ ಸಂಸ್ಥೆಗೆ ಇಳಿಯುವದು. ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ. ಆ ಮೇಲೆ ಹತ್ತಾರು ಸಾಲೆಗಳನ್ನು ಸುತ್ತಿ ನೋಡುವ ಸಮೂಹ ಸಂಪನ್ಮೂಲ ವ್ಯಕ್ತಿಗಳ ಕೈಗೆ. ಕಡೆಗೆ ಮಾಸ್ತರರ ಮೇಜಿಗೆ. ಇದನ್ನು ಕೇಳಿದ ಈ ಸೀಮೆಯ ಒಕ್ಕಲಿಗನಿಗೆ ಮಲಪ್ರಭೆಯ ಕಾಲುವೆ ನೆನಪಾಗದೆ ಇರದು. ನವಿಲುತೀರ್ಥದ ಅಣೆಕಟ್ಟಿನಲ್ಲಿ ನೀರು ತುಂಬಿದ ಮಾತ್ರಕ್ಕೆ ತುದಿಯ ಹೊಲ ತೊಯ್ಯುವದಿಲ್ಲ. ನೀರು ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಬಿದ್ದಾಗ ನವಲಗುಂದ-ನರಗುಂದಗಳ ರೈತರು ಸಿಡಿದೆದ್ದರು. 1980ರ ಜುಲೈ 21ನ್ನು ಈ ಸೀಮೆ ಇಂದಿಗೂ ಮರೆತಿಲ್ಲ. ಕಲಿಸುವ ಕೈ ಮುಟ್ಟದ ಮಗುವಿನ ಮುಂದೆ ಪರೀಕ್ಷೆಯ ಕಾಗದವನ್ನಿಟ್ಟು ‘ನಿನಗೇಕೆ ಬಾರದು?’ ಎಂದು ಕೇಳುವದೂ ಅಂಥ ಕರವೇ. ಒಬ್ಬಿಬ್ಬರೇ ಶಿಕ್ಷಕರು ಹಲವು ಇಯತ್ತೆಗಳನ್ನು ಹೊತ್ತು, ಜೊತೆಗೆ ದಾಖಲೆಗಳನ್ನು ತುಂಬುವಲ್ಲಿ ಹೊತ್ತು ಕಳೆದರೆ, ಮಟ್ಟವು ಕಾಗದದಲ್ಲಿ ಏರುವದು, ಮಗುವಿನಲ್ಲಿ ಏರದು.

ಆದರೆ ಹೊಲಗಾಲುವೆಯ ಹೂಳು ತೆಗೆಯುವದು ಹೊಲದವನ ಕೆಲಸವೇ ಅಷ್ಟೆ. ಹೆಸರು ಬಿಡಿಸುವ ಶ್ರಾವಣ-ಭಾದ್ರಪದಗಳಲ್ಲಿಯೂ ಮುಂದೆ ಹತ್ತಿ ಬಿಡಿಸುವ ದಿನಗಳಲ್ಲಿಯೂ ತಾಯ್ತಂದೆಗಳು ಹೊಲ ಸೇರಿದಾಗ, ತಮ್ಮನನ್ನು ಆಡಿಸಲು ಅಕ್ಕ ಮನೆಯಲ್ಲಿ ಉಳಿಯುವಳು. ಏಣಿಯು ಅವಳಿಗಾಗಿ ಕಾಯಬಹುದು. ಹತ್ತುವ ವಯಸ್ಸು ಕಾಯದು. ಆ ದಿನಗಳಲ್ಲಿ ಕೂಸುಗಳನ್ನು ಅಂಗನವಾಡಿಗೆ ಕಳುಹಿ ಹುಡುಗಿಯನ್ನು ಸಾಲೆಗೆ ಕಳುಹುವದು ಮನೆಯವರಿಂದ ಆಗಬೇಕಾದದ್ದು. 2001ರಿಂದ ಪಾಲಕರಿಗೂ ಸ್ಥಾನವಿತ್ತಿರುವ ಸಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕುಳಿತು, ಗೋಡೆಯ ಸುಣ್ಣದ ಜೊತೆಗೆ ‘ಮೂರನೆಯ ಇಯತ್ತೆಯಲ್ಲಿ ಎಷ್ಟು ಮಕ್ಕಳು ಓದಬಲ್ಲರು?’ ಎಂದು ಕೇಳುವದೂ ಅವರ ಹಕ್ಕು. ಅಕ್ಷರ ಬಾರದ ತಾಯಿಯೂ ದೀಪ ಹಚ್ಚಿದ ಮೇಲೆ ಮಗುವನ್ನು ಹತ್ತಿರ ಕೂಡಿಸಿಕೊಂಡು ‘ಇವತ್ತ ಏನ ಓದಿದಿ, ಹೇಳು’ ಎಂದು ಕೇಳಬಲ್ಲಳು. ಮಗುವು ತಡೆದರೆ ಬಯ್ಯಬಾರದು; ನಾಳೆ ಮತ್ತೆ ಕೇಳಬೇಕು.

ಶಲವಡಿಯಂಥ ಊರಿಗೆ ಸರಕಾರದ ಮಟ್ಟವು ಬಂದಿತೋ ಇಲ್ಲವೋ ಎಂಬುದನ್ನು ಕಚೇರಿಯ ಕಡತಗಳು ಹೇಳಲಾರವು. ಹೊಲದಿಂದ ಬಂದ ತಂದೆಯ ಕೈಯಲ್ಲಿಯ ಗೊಬ್ಬರದ ಚೀಲದ ಮೇಲಿನ ಬರಹವನ್ನು ಎಂಟು ವರ್ಷದ ಮಗಳು ತಡೆಯದೆ ಓದಿ, ಅದರ ಅರ್ಥವನ್ನು ಹೇಳಿದ ದಿನ ಅದು ಬಂದಿತೆಂದು ತಿಳಿಯತಕ್ಕದ್ದು.