ಶಿವಾಜಿನಗರದಲ್ಲಿ ಹದಿನೈದು ನಿಮಿಷ

ಶಿವಾಜಿನಗರ ಬಸ್ ಸ್ಟ್ಯಾಂಡಿನಿಂದ ರಸೆಲ್ ಮಾರ್ಕೆಟ್ ಕಡೆ ನಡೆದರೆ ಹೂವು, ಹಣ್ಣು, ಮೀನಿನ ವಾಸನೆ ಒಟ್ಟೊಟ್ಟಿಗೆ ಬರುತ್ತೆ. ಹತ್ತಿರದಲ್ಲೇ ಎತ್ತರದ ಗೋಪುರದ ಸೇಂಟ್ ಮೇರೀಸ್ ಬೆಸಿಲಿಕಾ. 1974ರಲ್ಲಿ ಬೆಸಿಲಿಕಾ ಪದವಿ ಪಡೆದ ಚರ್ಚು. ಇಲ್ಲಿ ಮರಿಯಮ್ಮನಿಗೆ ಸೀರೆ ಉಡಿಸುತ್ತಾರೆ. ಸೆಪ್ಟೆಂಬರ್ 8ರ ಹಬ್ಬದಲ್ಲಿ ಕಾಲಿಡಲು ಜಾಗ ಇರಲ್ಲ. ಸುಮ್ಮನೆ ಕೂರಬೇಕಂದ್ರೆ ಮಾಮೂಲಿ ದಿನ ಬನ್ನಿ.

ಊರಲ್ಲಿ ಅಮ್ಮ ಸಂಜೆ ಜಪಸರ ಹಿಡಿದು ಕೂತರೆ ಕ್ರಿಕೆಟ್ ನೆಪ ಹೇಳಿ ಓಡಿಹೋಗ್ತಿದ್ದವನು ನಾನು. ಎರಡು ವರ್ಷದ ಹಿಂದೆ ಕೆಲಸ ಹೋಯ್ತು. ಹೆಂಡತಿಗೆ ಹೇಳಲಿಲ್ಲ. ದಿನಾ ಬ್ಯಾಗ್ ಹಾಕ್ಕೊಂಡು ಹೊರಟು ಇಲ್ಲಿ ಬಂದು ಕೂರ್ತಿದ್ದೆ. ಭಕ್ತಿಯೇನಲ್ಲ, ಕಾಫಿ ಶಾಪಿನಲ್ಲಿ ಕೂತರೆ ದುಡ್ಡು ಖರ್ಚು! ಲ್ಯಾಪ್‌ಟಾಪ್ ಕಂಪನಿಗೆ ವಾಪಸ್ ಕೊಟ್ಟಾಗಿತ್ತು. ಬ್ಯಾಗಿನಲ್ಲಿ ಇದ್ದದ್ದು ಅವಳು ಕಟ್ಟಿಕೊಟ್ಟ ಡಬ್ಬಿ ಮಾತ್ರ.

ಒಂಬತ್ತನೇ ದಿನ ಮೇಣದಬತ್ತಿ ಮಾರುವ ಅಜ್ಜಿ, "ಏನಪ್ಪಾ, ಕೆಲ್ಸಕ್ಕೆ ಹೋಗಲ್ವಾ?" ಅಂದರು. "ಕೆಲಸ ಹೋಯ್ತು ಅಜ್ಜಿ" ಅಂದೆ. ಆ ಮಾತು ಬಾಯಿಂದ ಬಂದದ್ದು ಅದೇ ಮೊದಲು. ಒಳಗೆ ಹೋಗಿ ಮರಿಯಮ್ಮನ ಮುಂದೆ ಅದನ್ನೇ ಹೇಳಿದೆ, ಸಂಜೆ ಹೆಂಡತಿ ಮುಂದೆ. "ಡಬ್ಬಿ ಎಲ್ಲಿ ಕೂತು ತಿಂತಿದ್ರಿ?" ಅಂದಳು, ಅಷ್ಟೇ.

ಈಗ ಬೇರೆ ಕೆಲಸ ಇದೆ. ಪ್ರಾರ್ಥನೆಯಿಂದಲೇ ಸಿಕ್ತು ಅನ್ನಲಾರೆ, ಹನ್ನೆರಡು ಇಂಟರ್‌ವ್ಯೂ ಕೊಟ್ಟಿದ್ದೆ. ಆದರೂ ಆಫೀಸಿಗೆ ಮುಂಚೆ ಹದಿನೈದು ನಿಮಿಷ ಬರ್ತೀನಿ, ಮೊಬೈಲ್ ಸೈಲೆಂಟ್ ಮಾಡಿ. ದಿನವೆಲ್ಲ ಸ್ಟೇಟಸ್ ಅಪ್‌ಡೇಟ್ ಕೊಡುವ ನನಗೆ, ಎಲ್ಲ ಸರಿಯಿದೆ ಅಂತ ತೋರಿಸಬೇಕಿಲ್ಲದ ಜಾಗ ಇದೊಂದೇ. ಬಾಯಿಪಾಠದ ಪ್ರಾರ್ಥನೆ ಮುಗಿಸಿ, ನಿನ್ನೆ ಯಾರಿಗೆ ಏನು ಸುಳ್ಳು ಹೇಳಿದೆ ಅಂತ ನೆನೆಸ್ಕೋತೀನಿ. ಕೆಲವು ದಿನ ಲಿಸ್ಟ್ ಉದ್ದ ಇರುತ್ತೆ, ಬಸ್ ತಪ್ಪುತ್ತೆ.